ಗೋಡೆ ಬೆಟ್ಟದಲ್ಲಿ, ಚಿತ್ರ ಮ್ಯೂಸಿಯಂನಲ್ಲಿ!

1123ನೇ ಇಸವಿ, ಡಿಸೆಂಬರ್ 10. ಸ್ಪೇನ್ ದೇಶದ ಉತ್ತರ ತುದಿ, ಪೈರಿನೀಸ್ ಪರ್ವತ. ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿರೋ ತಾವುಲ್ ಅನ್ನೋ ಪುಟ್ಟ ಹಳ್ಳಿಗೆ ಒಬ್ಬ ಬಿಷಪ್ ಬಂದ. ಹೆಸರು ರಾಮೋನ್. ಹೊಸದಾಗಿ ಕಟ್ಟಿದ್ದ ಸಾಂತ್ ಕ್ಲಿಮೆಂಟ್ ಚರ್ಚನ್ನು ಪ್ರತಿಷ್ಠಾಪನೆ ಮಾಡಿದ. ಬಲಿಪೀಠದಲ್ಲಿ ಸಂತ ಕೊರ್ನೇಲಿಯಸ್‌ನ ಅವಶೇಷಗಳನ್ನು ಇಟ್ಟ. ಆಮೇಲೆ ಅಲ್ಲಿನವರು ಒಂದು ಕೆಲಸ ಮಾಡಿದ್ರು. ಇಸವಿ, ದಿನ, ಬಿಷಪ್ ಹೆಸರು, ಯಾವ ಸಂತನ ಹೆಸರಲ್ಲಿ ಪೂಜೆ ಅನ್ನೋದನ್ನೆಲ್ಲ ಚರ್ಚಿನ ಒಳಗಿನ ಕಂಬದ ಮೇಲೆ ಲ್ಯಾಟಿನ್ ಭಾಷೆಯಲ್ಲಿ ಬರೆಸಿದ್ರು. ಕಲ್ಲಲ್ಲಿ ಕೆತ್ತಿಸಲಿಲ್ಲ, ಬಣ್ಣದಲ್ಲಿ ಬರೆಸಿದ್ರು.

ಆ ಬಣ್ಣದ ಅಕ್ಷರ ಇವತ್ತಿಗೂ ಉಳಿದಿದೆ. ಒಂಬೈನೂರು ವರ್ಷ ದಾಟಿದೆ, ಓದೋಕೆ ಸಿಗುತ್ತೆ. ಆದ್ರೆ ನೀವು ತಾವುಲ್‌ಗೆ ಹೋಗಿ ಆ ಕಂಬದ ಮುಂದೆ ನಿಂತ್ರೆ ಆ ಮೂಲ ಬರಹ ಅಲ್ಲಿ ಇಲ್ಲ! ಕಂಬ ಇದೆ, ಚರ್ಚು ಇದೆ, ಊರೂ ಇದೆ. ಬರಹ ಮಾತ್ರ ಬೆಟ್ಟ ಇಳಿದು, ಬಾರ್ಸಿಲೋನಾ ನಗರದ ಮ್ಯೂಸಿಯಂ ಸೇರಿದೆ. ಬರಹ ಒಂದೇ ಅಲ್ಲ. ಇಡೀ ಗೋಡೆಯ ಚಿತ್ರ ಹೋಗಿದೆ. ಕಳ್ಳರು ಹೊತ್ತೊಯ್ದರಾ? ಇಲ್ಲ. ಯುದ್ಧದಲ್ಲಿ ಲೂಟಿ ಆಯ್ತಾ? ಅದೂ ಇಲ್ಲ. ಕಾಪಾಡೋದಕ್ಕೆ ಅಂತಲೇ ಕಿತ್ತುಕೊಂಡು ಹೋದ್ರು. ಕಾಪಾಡಿದ್ದು ನಿಜ. ಚರ್ಚು ಬರಿದಾಗಿದ್ದೂ ಅಷ್ಟೇ ನಿಜ. ಈ ಎರಡು ನಿಜಗಳ ನಡುವೆ ಸಿಕ್ಕಿಹಾಕಿಕೊಂಡ ಒಂದು ಬೆಟ್ಟದೂರಿನ ಕಥೆ ಇದು.

ಮೊದಲು ಆ ಕಾಲ ಹೇಗಿತ್ತು ಅಂತ ನೋಡೋಣ. ತಾವುಲ್ ಇರೋದು ಬೊಯಿ ಕಣಿವೆಯಲ್ಲಿ, ಕತಲೂನ್ಯಾ ಪ್ರಾಂತ್ಯದಲ್ಲಿ. ಸುತ್ತ ಹಿಮದ ಶಿಖರಗಳು, ನಡುವೆ ನದಿ, ದನ-ಕುರಿ ಸಾಕಿಕೊಂಡು ಬದುಕುವ ಸಣ್ಣ ಸಣ್ಣ ಹಳ್ಳಿಗಳು. ಇಷ್ಟು ಬಡ ಕಣಿವೆಯಲ್ಲಿ ಒಂದಲ್ಲ ಎರಡಲ್ಲ, ಹಳ್ಳಿಗೊಂದು ಚರ್ಚು ಎದ್ದು ನಿಂತವು. ದುಡ್ಡು ಎಲ್ಲಿಂದ ಬಂತು? ಕಣಿವೆಯ ಒಡೆಯರು ಎರಿಲ್ ಮನೆತನದವರು. ದಕ್ಷಿಣದಲ್ಲಿ ಅರಗಾನ್ ದೊರೆ ಒಂದನೇ ಅಲ್ಫೋನ್ಸೊ ಮುಸ್ಲಿಂ ರಾಜ್ಯಗಳ ಮೇಲೆ ದಂಡೆತ್ತಿ ಹೋಗ್ತಿದ್ದ ಕಾಲ ಅದು. 1118ರಲ್ಲಿ ಸರಗೋಸಾ ನಗರ ಅವನ ಕೈವಶ ಆಯ್ತು. ಆ ಯುದ್ಧಗಳಲ್ಲಿ ದುಡಿದ ಎರಿಲ್ ಒಡೆಯರಿಗೆ ಪಾಲು ಬಂತು, ಆ ಸಂಪತ್ತು ಈ ಚರ್ಚುಗಳಿಗೆ ಹರಿಯಿತು ಅನ್ನೋದು ಇತಿಹಾಸಕಾರರ ವಿವರಣೆ.

ಇನ್ನೊಂದು ಸ್ವಾರಸ್ಯ ಕೇಳಿ. ಡಿಸೆಂಬರ್ 10ಕ್ಕೆ ಸಾಂತ್ ಕ್ಲಿಮೆಂಟ್ ಪ್ರತಿಷ್ಠಾಪನೆ ಆಯ್ತಲ್ಲ, ಮಾರನೇ ದಿನ, ಡಿಸೆಂಬರ್ 11ಕ್ಕೆ ಅದೇ ಊರಿನಲ್ಲಿ ಅದೇ ಬಿಷಪ್ ಇನ್ನೊಂದು ಚರ್ಚನ್ನು ಪ್ರತಿಷ್ಠಾಪಿಸಿದ! ಊರ ನಡುವೆ ಇರೋ ಸಾಂತಾ ಮರಿಯಾ, ಅಂದ್ರೆ ಮರಿಯಮ್ಮನ ಚರ್ಚು. ಒಂದು ಹಿಡಿ ಮನೆಗಳ ಊರಿಗೆ ಎರಡು ದಿನದಲ್ಲಿ ಎರಡು ಚರ್ಚು. ಅದೂ ಪೈರಿನೀಸ್‌ನ ಚಳಿಗಾಲದಲ್ಲಿ ಬಿಷಪ್ ಬೆಟ್ಟ ಹತ್ತಿ ಬಂದಿದ್ದ. ಯಾಕಿಷ್ಟು ಅವಸರ? ಈ ಕಣಿವೆ ಯಾರ ವ್ಯಾಪ್ತಿಗೆ ಸೇರಬೇಕು ಅಂತ ರೋಡಾ ಬಿಷಪ್ಪಿಗೂ ಪಕ್ಕದ ಉರ್ಗೆಲ್ ಬಿಷಪ್ಪಿಗೂ ತಕರಾರು ಇತ್ತು. ರಾಮೋನ್ ರೋಡಾ-ಬಾರ್ಬಾಸ್ತ್ರೊ ಪೀಠದವನು. ಪ್ರತಿಷ್ಠಾಪನೆ ಅಂದ್ರೆ ಬರೀ ಪೂಜೆ ಅಲ್ಲ ಸ್ವಾಮಿ, ಇದು ನಮ್ಮ ಗಡಿ ಅಂತ ಬೇಲಿ ಹಾಕೋ ಕೆಲಸವೂ ಹೌದು. ಕಂಬದ ಮೇಲೆ ಬಿಷಪ್ ಹೆಸರು ಅಷ್ಟು ಎದ್ದು ಕಾಣೋ ಹಾಗೆ ಯಾಕೆ ಬರೆಸಿದ್ರು ಅನ್ನೋದು ಈಗ ಗೊತ್ತಾಗುತ್ತೆ.

ಈಗ ಕಟ್ಟಡದ ಒಳಕ್ಕೆ ಬನ್ನಿ. ಉದ್ದನೆಯ ಹಜಾರ. ಎರಡು ಸಾಲು ದುಂಡು ಕಂಬಗಳು ಆ ಹಜಾರವನ್ನು ಮೂರು ಭಾಗ ಮಾಡುತ್ತವೆ. ನಡುವಿನದು ಅಗಲ, ಅಕ್ಕಪಕ್ಕದವು ಕಿರಿದು. ಮೇಲೆ ಕಲ್ಲಿನ ಕಮಾನು ಇಲ್ಲ, ಮರದ ಮಾಡು. ಎರಡೂ ಕಡೆ ಇಳಿಜಾರು, ಹೊರಗೆ ಕಪ್ಪು ಸ್ಲೇಟ್ ಕಲ್ಲಿನ ಹೊದಿಕೆ. ಹಿಮ ಬಿದ್ರೆ ನಿಲ್ಲದೆ ಜಾರಿ ಹೋಗಬೇಕು, ಅಷ್ಟೇ ಲೆಕ್ಕ. ಪೂರ್ವದ ತುದಿಯಲ್ಲಿ ಮೂರು ಅರ್ಧಚಂದ್ರಾಕಾರದ ಗೋಡೆಗಳು, ಒಂದೊಂದರ ಮೇಲೆ ಅರ್ಧ ಗುಮ್ಮಟ. ಇದಕ್ಕೆ ಆಪ್ಸ್ ಅಂತಾರೆ. ದೇವಸ್ಥಾನಕ್ಕೆ ಗರ್ಭಗುಡಿ ಹೇಗೋ ಚರ್ಚಿಗೆ ಇದು ಹಾಗೆ. ಬಲಿಪೀಠ ಇರೋದು ಇದರ ಮುಂದೆ.

ಹೊರಗೆ ಬಂದು ಕತ್ತೆತ್ತಿದ್ರೆ ಗಂಟೆ ಗೋಪುರ. ಚೌಕಾಕಾರ, ಆರು ಅಂತಸ್ತು. ಕೆಳಗೆ ಗೋಡೆ ಗಟ್ಟಿ, ತೂತು ಕಮ್ಮಿ. ಮೇಲೆ ಹೋದ ಹಾಗೆ ಜೋಡಿ ಕಿಟಕಿ, ಮೂರರ ಕಿಟಕಿ. ನೋಡೋಕೆ ಚೆಂದ ಹೌದು, ಮೇಲಿನ ಭಾರವೂ ಕಡಿಮೆ ಆಗುತ್ತೆ. ಅಂತಸ್ತು ಅಂತಸ್ತಿಗೂ ಗೋಡೆಗೆ ಅಂಟಿಕೊಂಡ ಸಣ್ಣ ಕಮಾನುಗಳ ಸಾಲು. ಉತ್ತರ ಇಟಲಿಯ ಲೊಂಬಾರ್ಡಿ ಸೀಮೆಯ ಗಾರೆಕೆಲಸದವರು ಹಬ್ಬಿಸಿದ ಶೈಲಿ ಇದು, ಹಾಗಾಗಿ ಲೊಂಬಾರ್ಡ್ ಶೈಲಿ ಅಂತಲೇ ಹೆಸರು. ದೊಡ್ಡ ಕೆತ್ತನೆ ಇಲ್ಲ, ಅಮೃತಶಿಲೆ ಇಲ್ಲ. ಸುತ್ತಮುತ್ತ ಸಿಗೋ ಕಲ್ಲನ್ನೇ ಸಣ್ಣ ಸಣ್ಣದಾಗಿ ಒಡೆದು ಸಾಲಾಗಿ ಜೋಡಿಸಿದ್ದಾರೆ. ಎರಿಲ್ ಹಳ್ಳಿಯಲ್ಲೂ ಇಂಥದ್ದೇ ಆರಂತಸ್ತಿನ ಗೋಪುರ ಇದೆ. ಕಣಿವೆಯ ಗೋಪುರಗಳು ದೂರದಿಂದಲೇ ಒಂದನ್ನೊಂದು ನೋಡ್ತಾ ನಿಂತಿವೆ.

ಹೊರಗಿಂದ ಇಷ್ಟು ಸಾದಾ. ಆದ್ರೆ ಒಳಗೆ ಕಾಲಿಟ್ಟವರು ದಂಗಾಗಿ ನಿಲ್ಲಬೇಕು. ನಡುವಿನ ಆಪ್ಸ್ ತುಂಬ ಬಣ್ಣ! ಬಾದಾಮಿ ಆಕಾರದ ಪ್ರಭಾವಳಿಯ ನಡುವೆ ಯೇಸುಕ್ರಿಸ್ತ ಕೂತಿದ್ದಾನೆ. ಬಲಗೈ ಎತ್ತಿ ಆಶೀರ್ವಾದ, ಎಡಗೈಯಲ್ಲಿ ತೆರೆದ ಪುಸ್ತಕ, ತಾನೇ ಲೋಕಕ್ಕೆ ಬೆಳಕು ಎಂದು ಸಾರುವ ಲ್ಯಾಟಿನ್ ಮಾತು ಅದರಲ್ಲಿ. ಕಣ್ಣು ನೇರ ನಮ್ಮ ಮೇಲೆ. ಈ ಭಂಗಿಗೆ ಪ್ಯಾಂಟೊಕ್ರೇಟರ್ ಅಂತಾರೆ, ಅಂದ್ರೆ ಸರ್ವಶಕ್ತ. ಸುತ್ತ ದೇವದೂತರು, ಕೆಳಗೆ ಮರಿಯಮ್ಮ ಮತ್ತು ಶಿಷ್ಯರು. ಒಂದು ಕಮಾನಿನ ಮೇಲೆ ಏಳು ಕಣ್ಣಿನ ಕುರಿಮರಿ. ಇನ್ನೊಂದು ಕಡೆ ಶ್ರೀಮಂತನ ಮನೆ ಬಾಗಿಲಲ್ಲಿ ಬಿದ್ದಿರೋ ಬಡವ ಲಾಜರ, ಅವನ ಹುಣ್ಣು ನೆಕ್ತಿರೋ ನಾಯಿ. ಊರಲ್ಲಿ ಅಕ್ಷರ ಬಲ್ಲವರು ಎಷ್ಟು ಜನ ಇದ್ದಾರು? ಅವರಿಗೆ ಇದೇ ಪುಸ್ತಕ, ಇದೇ ಪಾಠ. ಕುರಿ ಕಾಯೋನಿಗೆ ಲಾಜರನ ಕಥೆ ಬಾಯಿಬಿಟ್ಟು ಹೇಳೋದೇ ಬೇಡ, ನಾಯಿ ನೋಡಿದ್ರೆ ಸಾಕು.

ಆ ನೀಲಿ ಬಣ್ಣ ಇದೆಯಲ್ಲ, ಅದನ್ನು ದೂರದ ದೇಶದಿಂದ ತರಿಸಿದ್ದಲ್ಲ. ಏರಿನೈಟ್ ಅನ್ನೋ ಖನಿಜ ಪೈರಿನೀಸ್ ಬೆಟ್ಟದಲ್ಲೇ ಸಿಗುತ್ತೆ. ಅದನ್ನೇ ಅರೆದು ಹಚ್ಚಿದ್ದಾರೆ. ಅಂದ್ರೆ ಬೆಟ್ಟದ ಕಲ್ಲೇ ಗೋಡೆ, ಬೆಟ್ಟದ ಕಲ್ಲೇ ಬಣ್ಣ. ಚಿತ್ರಕಾರ ಯಾರು? ಹೆಸರು ಬರೆದುಕೊಳ್ಳಲಿಲ್ಲ. ತಾವುಲ್‌ನ ಗುರು ಅಂತ ಕರೆದು ಸುಮ್ಮನಾಗಿದ್ದಾರೆ ಕಲಾ ಇತಿಹಾಸಕಾರರು. ಬಿಷಪ್ ಹೆಸರು ಕಂಬದ ಮೇಲಿದೆ, ಕುಂಚ ಹಿಡಿದವನ ಹೆಸರು ಎಲ್ಲೂ ಇಲ್ಲ!

ಇನ್ನು ಎಂಟುನೂರು ವರ್ಷ ಮುಂದಕ್ಕೆ ಹೋಗೋಣ. ಈ ಎಂಟುನೂರು ವರ್ಷದಲ್ಲಿ ಯುರೋಪಿನ ಎಷ್ಟೋ ಊರುಗಳಲ್ಲಿ ಹಳೇ ಚರ್ಚು ಒಡೆದು ಹೊಸದು ಕಟ್ಟಿದ್ರು. ದುಡ್ಡು ಬಂದಲ್ಲೆಲ್ಲ ಫ್ಯಾಷನ್ ಬದಲಾಯ್ತು. ಬೊಯಿ ಕಣಿವೆಗೆ ಆಮೇಲೆ ಅಷ್ಟು ದುಡ್ಡು ಬರಲಿಲ್ಲ. ಸಾಂತಾ ಮರಿಯಾದ ಒಳಗೆ 18ನೇ ಶತಮಾನದಲ್ಲಿ ಒಂದಿಷ್ಟು ಬದಲಾವಣೆ ಆಯ್ತು, ಅದನ್ನು 20ನೇ ಶತಮಾನದಲ್ಲಿ ತೆಗೆದುಹಾಕಿದ್ರು. ಸಾಂತ್ ಕ್ಲಿಮೆಂಟ್‌ನಲ್ಲಿ ಆಪ್ಸ್ ಮುಂದೆ ಮರದ ದೊಡ್ಡ ಅಲಂಕಾರ ಫಲಕ ತಂದು ನಿಲ್ಲಿಸಿದ್ರು. ಹಳೇ ಚಿತ್ರ ಅದರ ಹಿಂದೆ ಮರೆಯಾಯ್ತು. ಮರೆಯಾಗಿದ್ದೇ ಒಳ್ಳೇದಾಯ್ತು ನೋಡಿ. ಬಡತನ ಅನ್ನೋದು ಬೇರೆ ಎಲ್ಲವನ್ನೂ ಕಸಿಯಬಹುದು, ಇಲ್ಲಿ ಮಾತ್ರ ಅದೇ ಕಾವಲು ಕಾಯ್ತು.

1907ರಲ್ಲಿ ಬಾರ್ಸಿಲೋನಾದಿಂದ ಒಂದು ತಂಡ ಬೆಟ್ಟ ಹತ್ತಿತು. ಅದೇ ವರ್ಷ ಹುಟ್ಟಿದ್ದ ಕತಲಾನ್ ಅಧ್ಯಯನ ಸಂಸ್ಥೆಯ ತಂಡ. ಮುಂದಾಳು ವಾಸ್ತುಶಿಲ್ಪಿ ಜೋಸೆಪ್ ಪುಚ್ ಇ ಕಾದಾಫಾಲ್ಕ್, ಜೊತೆಗೆ ಫೋಟೋಗ್ರಾಫರ್ ಅದೋಲ್ಫ್ ಮಾಸ್. ತಮ್ಮ ಭಾಷೆ, ತಮ್ಮ ನಾಡು, ತಮ್ಮ ಇತಿಹಾಸ ಅಂತ ಕತಲಾನ್ ಜನ ಎದ್ದು ಕೂತಿದ್ದ ಕಾಲ ಅದು. ಕಣಿವೆ ಕಣಿವೆ ಸುತ್ತಿದ್ರು, ಅಳತೆ ತಗೊಂಡ್ರು, ಫೋಟೋ ತೆಗೆದ್ರು. ಮರದ ಫಲಕದ ಹಿಂದಿದ್ದ ಚಿತ್ರ ಲೋಕಕ್ಕೆ ಗೊತ್ತಾಯ್ತು. ಗೋಡೆಚಿತ್ರಗಳ ಬಣ್ಣದ ನಕಲು ಮಾಡಿಸಿ ಪುಸ್ತಕವಾಗಿ ಅಚ್ಚು ಹಾಕಿಸಿದ್ರು. ಎಷ್ಟು ಒಳ್ಳೇ ಕೆಲಸ ಅಲ್ವಾ?

ಒಳ್ಳೇದೇ. ಆದ್ರೆ ಒಂದು ಮಾತು ನೆನಪಿಡಿ. ಅಚ್ಚಾದ ಪುಸ್ತಕವನ್ನು ಪಂಡಿತ ಒಬ್ಬನೇ ಓದಲ್ಲ, ವ್ಯಾಪಾರಿಯೂ ಓದ್ತಾನೆ. ಯಾವ ಕಣಿವೆಯ ಯಾವ ಚರ್ಚಿನಲ್ಲಿ ಯಾವ ಗೋಡೆ ಮೇಲೆ ಏನಿದೆ ಅನ್ನೋ ಪಟ್ಟಿ ಈಗ ಎಲ್ಲರ ಕೈಗೂ ಸಿಕ್ಕಿತ್ತು. ಅಮೆರಿಕದಲ್ಲಿ ಹೊಸ ಮ್ಯೂಸಿಯಂಗಳು, ಹೊಸ ಶ್ರೀಮಂತರು, ಹಳೇ ಯುರೋಪು ಬೇಕು ಅನ್ನೋ ಹಸಿವು. 1919ರಲ್ಲಿ ಸುದ್ದಿ ಬಂತು. ದಕ್ಷಿಣದ ತಪ್ಪಲಿನಲ್ಲಿರೋ ಸಾಂತಾ ಮರಿಯಾ ದೆ ಮುರ್ ಚರ್ಚಿನ ಚಿತ್ರಗಳನ್ನು ಗೋಡೆಯಿಂದ ಕೀಳ್ತಿದ್ದಾರೆ! ಕೊಂಡವನು ಬಾರ್ಸಿಲೋನಾದ ಉದ್ಯಮಿ, ಸಂಗ್ರಾಹಕ ಲೂಯಿಸ್ ಪ್ಲಾಂದಿಯುರಾ. ವ್ಯವಹಾರದಲ್ಲಿ ಇಗ್ನಾಸಿ ಪೊಲಾಕ್ ಅನ್ನೋ ವ್ಯಾಪಾರಿ. ಕೀಳೋ ಕೆಲಸಕ್ಕೆ ಇಟಲಿಯಿಂದ ಬಂದವನು ಫ್ರಾಂಕೊ ಸ್ತೆಫನೋನಿ. ಮುರ್‌ನ ಆಪ್ಸ್ ಚಿತ್ರ 1921ರಲ್ಲಿ ಅಮೆರಿಕದ ಬೋಸ್ಟನ್ ಮ್ಯೂಸಿಯಂ ಸೇರಿತು. ಇವತ್ತಿಗೂ ಅಲ್ಲೇ ಇದೆ.

ಗೋಡೆ ಮೇಲಿನ ಚಿತ್ರವನ್ನು ಕೀಳೋದು ಹೇಗೆ ಅಂತೀರಾ? ಇಟಲಿಯವರು ಇದಕ್ಕೆ ಸ್ತ್ರಾಪ್ಪೊ ಅಂತಾರೆ. ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡಿದ ಅಂಟನ್ನು ಬಿಸಿ ಇರುವಾಗಲೇ ಚಿತ್ರದ ಮೇಲೆ ಸವರಬೇಕು. ಅದರ ಮೇಲೆ ತೆಳ್ಳನೆ ಬಟ್ಟೆ ತುಂಡುಗಳನ್ನು ಅಂಟಿಸಬೇಕು. ಅಂಟು ಒಣಗುತ್ತಾ ಒಣಗುತ್ತಾ ಬಿಗಿಯುತ್ತೆ. ಬಿಗಿದಾಗ ಬಣ್ಣದ ತೆಳು ಪದರವನ್ನು ಗಾರೆಯಿಂದ ಬಿಡಿಸಿಕೊಳ್ಳುತ್ತೆ. ಆಗ ಅಂಚಿನಿಂದ ಹುಷಾರಾಗಿ ಎಳೆದ್ರೆ ಬಟ್ಟೆ ಜೊತೆ ಚಿತ್ರವೂ ಬರುತ್ತೆ. ಸುರುಳಿ ಸುತ್ತಿ ಕಟ್ಟಿದ್ರೆ ಆಯ್ತು, ಎಂಟುನೂರು ವರ್ಷದ ದೇವರು ಚಾಪೆ ಥರ ಹೊರಟ! ಊರು ತಲುಪಿದ ಮೇಲೆ ಹಿಂದಿನಿಂದ ಹೊಸ ಬಟ್ಟೆ ಅಂಟಿಸಿ, ಮುಂದಿನ ಬಟ್ಟೆಯನ್ನು ಬಿಸಿನೀರಲ್ಲಿ ನೆನೆಸಿ ತೆಗೀತಾರೆ.

ಬಾರ್ಸಿಲೋನಾದ ವಸ್ತುಸಂಗ್ರಹಾಲಯ ಮಂಡಳಿಯಲ್ಲಿ ಜುವಾಕಿಂ ಫೋಲ್ಕ್ ಇ ತೋರೆಸ್ ಅನ್ನೋ ಕಲಾ ಇತಿಹಾಸಕಾರ ಇದ್ದ. ಅವನ ಮುಂದೆ ಇದ್ದ ದಾರಿ ಎಷ್ಟು? ಕೋರ್ಟಿಗೆ ಹೋಗೋಣ ಅಂದ್ರೆ ಆಗಿನ ಸ್ಪೇನ್ ಕಾನೂನಿನಲ್ಲಿ ಇಂಥ ಮಾರಾಟ ತಡೆಯೋ ಗಟ್ಟಿ ಅವಕಾಶ ಇರಲಿಲ್ಲ. ಬೆಟ್ಟಬೆಟ್ಟಕ್ಕೆ ಕಾವಲು ಹಾಕೋಕೆ ಆಗಲ್ಲ. ಉಳಿದಿದ್ದು ಒಂದೇ ದಾರಿ. ವ್ಯಾಪಾರಿ ಕೊಳ್ಳೋ ಮೊದಲು ನಾವೇ ಕೊಳ್ಳೋಣ. ವ್ಯಾಪಾರಿ ಮಾತಾಡಿಕೊಂಡಿದ್ದನ್ನು ನಾವೇ ಬಿಡಿಸಿಕೊಳ್ಳೋಣ. ಕೊಂಡು ಅಲ್ಲೇ ಬಿಟ್ರೆ ನಾಳೆ ಮತ್ಯಾರೋ ಬರ್ತಾರೆ, ಹಾಗಾಗಿ ಕಿತ್ತು ತರೋಣ. ಕೀಳೋದು ಯಾರಿಗೆ ಗೊತ್ತು? ಅದೇ ಸ್ತೆಫನೋನಿಗೆ!

ಹೌದು, ಮುರ್ ಚರ್ಚನ್ನು ಬರಿದು ಮಾಡಿದ ಕೈಗೇ ತಾವುಲ್ ಚರ್ಚನ್ನು ಕಾಪಾಡೋ ಕೆಲಸ ಕೊಟ್ರು. ಅದೇ ಅಂಟು, ಅದೇ ಬಟ್ಟೆ, ಅದೇ ಮನುಷ್ಯ. ಬದಲಾಗಿದ್ದು ಸಂಬಳ ಕೊಡೋರು ಮಾತ್ರ. 1919ರ ಕೊನೆಯಿಂದ 1923ರವರೆಗೆ ಕಣಿವೆ ಕಣಿವೆಯಲ್ಲಿ ಈ ಕೆಲಸ ನಡೀತು. ಸುರುಳಿಗಳು ಹೇಸರಗತ್ತೆ ಬೆನ್ನೇರಿ ಬೆಟ್ಟ ಇಳಿದವು. 1924ರಲ್ಲಿ ಬಾರ್ಸಿಲೋನಾದಲ್ಲಿ ಪ್ರದರ್ಶನಕ್ಕೆ ಬಂದವು. 1934ರಲ್ಲಿ ಮೊಂಜುಯಿಕ್ ಗುಡ್ಡದ ಮೇಲಿನ ರಾಷ್ಟ್ರೀಯ ಅರಮನೆ ಕಟ್ಟಡಕ್ಕೆ ಸೇರಿದವು. ಅಲ್ಲಿ ಮರದ ಚೌಕಟ್ಟಿನಲ್ಲಿ ಆಪ್ಸ್ ಆಕಾರವನ್ನೇ ಮತ್ತೆ ಕಟ್ಟಿ, ಚಿತ್ರವನ್ನು ಅದರ ಒಳಗೆ ಬಾಗಿಸಿ ಕೂರಿಸಿದ್ದಾರೆ. ಅದೇ ವರ್ಷ ಪಿಕಾಸೊ ಬಂದು ಈ ಸಂಗ್ರಹ ನೋಡಿಕೊಂಡು ಹೋದ. ಕುರಿ ಕಾಯೋರ ಊರಿನ ಚಿತ್ರ ಲೋಕಪ್ರಸಿದ್ಧ ಆಯ್ತು.

ಫೋಲ್ಕ್ ಮಾಡಿದ್ದು ಸರೀನಾ? ಇವತ್ತು ಎಸಿ ರೂಮಲ್ಲಿ ಕೂತು ತಪ್ಪು ಅನ್ನೋದು ಸುಲಭ. ಅವನು ಸುಮ್ಮನಿದ್ದಿದ್ರೆ ಏನಾಗ್ತಿತ್ತು ಅನ್ನೋದಕ್ಕೆ ಇನ್ನೊಂದು ಚರ್ಚು ಸಾಕ್ಷಿ ಇದೆ. ಸ್ಪೇನಿನ ಸೋರಿಯಾ ಪ್ರಾಂತ್ಯದಲ್ಲಿ ಸಾನ್ ಬಾವುದೇಲಿಯೊ ಅಂತ ಹಳೇ ಪ್ರಾರ್ಥನಾ ಮಂದಿರ. ಒಳಗೆ ಆನೆ, ಒಂಟೆ, ಬೇಟೆಗಾರರ ಅದ್ಭುತ ಚಿತ್ರಗಳು. ಅದರ ಒಡೆತನ ಹಳ್ಳಿಯ ಕೆಲವು ರೈತರದ್ದು. 1922ರಲ್ಲಿ ಲಿಯೋನೆ ಲೆವಿ ಅನ್ನೋ ವ್ಯಾಪಾರಿ 65,000 ಪೆಸೆಟಾ ಕೊಟ್ಟು ಚಿತ್ರಗಳನ್ನು ಕೊಂಡ. ಗಲಾಟೆ ಆಯ್ತು, ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. 1925ರಲ್ಲಿ ಕೋರ್ಟು ಮಾರಾಟ ಸರಿ ಅಂತಂತು. 1926ರಲ್ಲಿ ಚಿತ್ರ ಕಿತ್ತರು, ಅಮೆರಿಕಕ್ಕೆ ಹೋದವು. ಆಮೇಲೆ 1957ರಲ್ಲಿ ಅದರ ಒಂದಿಷ್ಟು ಭಾಗ ಸ್ಪೇನಿಗೆ ವಾಪಸ್ ಬಂತು. ಪುಕ್ಕಟೆ ಬರಲಿಲ್ಲ. ಬದಲಿಗೆ ಫುಯೆಂತಿದುಯೆನ್ಯಾ ಅನ್ನೋ ಇನ್ನೊಂದು ಊರಿನ ಚರ್ಚಿನ ಇಡೀ ಕಲ್ಲಿನ ಆಪ್ಸನ್ನೇ ಬಿಚ್ಚಿ ನ್ಯೂಯಾರ್ಕಿಗೆ ಕಳಿಸಬೇಕಾಯ್ತು! ಒಂದನ್ನು ತರೋಕೆ ಇನ್ನೊಂದನ್ನು ಕೊಟ್ರು.

ಆ ರೈತರನ್ನು ಬೈಯೋಣವಾ? ನನಗೆ ಮನಸ್ಸು ಬರಲ್ಲ. ಅವರ ಪಾಲಿಗೆ ಅದು ಹಳೇ ಗೋಡೆ. ಅದರ ಬೆಲೆ ಏನು ಅಂತ ಅವರ ಹತ್ರ ಬಂದು ಹೇಳಿದ ಮೊದಲ ಮನುಷ್ಯ ಅದನ್ನು ಕೊಳ್ಳೋಕೆ ಬಂದವನೇ ಆಗಿದ್ರೆ ತಪ್ಪು ಯಾರದ್ದು?

ಇತ್ತ ತಾವುಲ್‌ನಲ್ಲಿ ಏನಾಯ್ತು ನೋಡಿ. ಊರಿನವರ ಚರ್ಚಿನಲ್ಲಿ ಬೋಳು ಗೋಡೆ ಉಳಿಯಿತು. ಪಕ್ಕದ ಎರಿಲ್ ಹಳ್ಳಿಯದು ಇನ್ನೂ ಬೇಸರದ ಕಥೆ. ಯೇಸುವನ್ನು ಶಿಲುಬೆಯಿಂದ ಇಳಿಸೋ ದೃಶ್ಯದ ಏಳು ಮರದ ಬೊಂಬೆಗಳು ಅಲ್ಲಿ ಇದ್ದವು. ಇವತ್ತು ಮೂಲ ಬೊಂಬೆಗಳಲ್ಲಿ ಐದು ವಿಕ್ ಪಟ್ಟಣದ ಮ್ಯೂಸಿಯಂನಲ್ಲಿ, ಎರಡು ಬಾರ್ಸಿಲೋನಾದಲ್ಲಿ. ಬಾರ್ಸಿಲೋನಾದಲ್ಲಿರೋ ಎರಡು ಯಾರದ್ದು ಗೊತ್ತಾ? ತಾಯಿ ಮರಿಯಮ್ಮ ಮತ್ತು ಶಿಷ್ಯ ಯೋಹಾನ. ಮಗ ಒಂದು ಊರಲ್ಲಿ, ತಾಯಿ ಇನ್ನೊಂದು ಊರಲ್ಲಿ.

1960ರ ಹೊತ್ತಿಗೆ ತಾವುಲ್‌ನ ಆಪ್ಸ್‌ನಲ್ಲಿ ಒಂದು ನಕಲು ಚಿತ್ರ ಬರೆಸಿದ್ರು. ಊರಿನವರು ದಶಕಗಳ ಕಾಲ ಆ ನಕಲಿನ ಮುಂದೆಯೇ ಪ್ರಾರ್ಥನೆ ಮಾಡಿದ್ರು. 2000ನೇ ಇಸವಿಯಲ್ಲಿ ಯುನೆಸ್ಕೊ ಕಣಿವೆಯ ಒಂಬತ್ತು ಚರ್ಚುಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಗಮನಿಸಿ, ಹೆಸರುವಾಸಿ ಚಿತ್ರಗಳೆಲ್ಲ ಹೋದ ಮೇಲೆ ಸಿಕ್ಕ ಮಾನ್ಯತೆ ಅದು. ಕಲ್ಲು, ಮಾಡು, ಗೋಪುರ, ಸುತ್ತಲಿನ ಊರು, ಹುಲ್ಲುಗಾವಲು, ಇವೇ ಸಾಕಾಯ್ತು. ಆಮೇಲೆ ಜೀರ್ಣೋದ್ಧಾರ ಮಾಡುವಾಗ ನಕಲನ್ನು ತೆಗೆದ್ರು. ಗೋಡೆಯಲ್ಲಿ ಮೂಲ ಚಿತ್ರದ ಚೂರುಗಳು ಇನ್ನೂ ಉಳಿದಿದ್ದವು! ಕಾಯಿನ ತನ್ನ ತಮ್ಮ ಆಬೇಲನನ್ನು ಕೊಲ್ಲೋ ದೃಶ್ಯ ಹೊರಗೆ ಬಂತು. ಸ್ತೆಫನೋನಿಗೂ ಗೋಡೆಯನ್ನು ಪೂರ್ತಿ ಬರಿದು ಮಾಡೋಕೆ ಆಗಿರಲಿಲ್ಲ. 2013ರಿಂದ ಅಲ್ಲಿ ಬೆಳಕಿನ ಪ್ರದರ್ಶನ ಇದೆ. ಕತ್ತಲಲ್ಲಿ ಪ್ರೊಜೆಕ್ಟರ್ ಹಚ್ಚಿದ್ರೆ 1123ರ ಚಿತ್ರ ಗೆರೆ ಗೆರೆಯಾಗಿ, ಬಣ್ಣ ಬಣ್ಣವಾಗಿ ಮೂಲ ಜಾಗದಲ್ಲೇ ಮೂಡುತ್ತೆ. ಸ್ವಿಚ್ ಆಫ್ ಮಾಡಿದ್ರೆ ಮತ್ತೆ ಬೋಳು ಗೋಡೆ.

ಇದು ಹಳೇ ಕಥೆ, ಮುಗಿದುಹೋದ ಕಥೆ ಅಂದುಕೊಳ್ಳಬೇಡಿ. ಇದೇ ಬಾರ್ಸಿಲೋನಾ ಮ್ಯೂಸಿಯಂನಲ್ಲಿ ಅರಗಾನ್ ಪ್ರಾಂತ್ಯದ ಸಿಹೇನಾ ಸನ್ಯಾಸಿನಿಯರ ಮಠದ ಚಿತ್ರಗಳೂ ಇವೆ. 1936ರ ಅಂತರ್ಯುದ್ಧದಲ್ಲಿ ಆ ಮಠಕ್ಕೆ ಬೆಂಕಿ ಬಿತ್ತು. ಉಳಿದ ಚಿತ್ರಗಳನ್ನು ಗೋಡೆಯಿಂದ ಬಿಡಿಸಿ ತಂದ್ರು. 2025ರ ಮೇ ತಿಂಗಳಲ್ಲಿ ಸ್ಪೇನಿನ ಸುಪ್ರೀಂ ಕೋರ್ಟ್ ಹೇಳಿದ್ದು ಏನು? ಅವನ್ನು ವಾಪಸ್ ಕೊಡಿ. ಮ್ಯೂಸಿಯಂನವರ ವಾದ: ಕೊಡಬಾರದು ಅಂತಲ್ಲ, ಬೆಂಕಿಗೆ ಬೆಂದ ಚಿತ್ರ, ಸಾಗಿಸಿದ್ರೆ ಪುಡಿಯಾಗುತ್ತೆ. ತಾವುಲ್ ವಿಷಯ ಬೇರೆ, ಅದು ದುಡ್ಡು ಕೊಟ್ಟು ಕೊಂಡಿದ್ದು. ಆದ್ರೆ ಪ್ರಶ್ನೆ ಒಂದೇ. ಕಾಪಾಡಿದವನು ಕಾವಲುಗಾರನೋ, ಯಜಮಾನನೋ?

ನನಗೆ ಅನ್ನಿಸೋದು ಇಷ್ಟು. ಫೋಲ್ಕ್ ಮಾಡಿದ್ದು ಅವತ್ತಿಗೆ ಸರಿ. ಅವನಿಗೆ ಥ್ಯಾಂಕ್ಸ್ ಹೇಳಲೇಬೇಕು. ಆದ್ರೆ ಋಣ ಬೇರೆ, ಹಕ್ಕು ಬೇರೆ. ಮನೆಗೆ ಬೆಂಕಿ ಬಿದ್ದಾಗ ಮಗುವನ್ನು ಎತ್ತಿಕೊಂಡು ಓಡಿದವನಿಗೆ ಜೀವಮಾನವಿಡೀ ಕೈ ಮುಗೀಬಹುದು, ಮಗು ಅವನದಾಗಲ್ಲ. ಹಾಗಂತ ಈಗ ಆ ಚಿತ್ರವನ್ನು ಎಬ್ಬಿಸಿ ಮತ್ತೆ ಸುಣ್ಣದ ಗೋಡೆಗೆ ಅಂಟಿಸಿ ಅನ್ನೋಕೂ ಧೈರ್ಯ ಬೇಕು. ಒಮ್ಮೆ ಕಿತ್ತ ಬಣ್ಣ ಎರಡನೇ ಸಲ ಅಷ್ಟೇ ಸಲೀಸಾಗಿ ಬರುತ್ತೆ ಅನ್ನೋ ಗ್ಯಾರಂಟಿ ಯಾರೂ ಕೊಡಲ್ಲ. ಅಂದ್ರೆ ಇದು ತಿದ್ದೋಕೆ ಆಗದ ಸಂಗತಿ. ಹಾಗಿರುವಾಗ ಪಾಠ ಇರೋದು ಎಲ್ಲಿ? ಕಿತ್ತ ಮೇಲೆ ಏನು ಮಾಡಬೇಕು ಅನ್ನೋದರಲ್ಲಿ ಅಲ್ಲ, ಕೀಳೋ ಮೊದಲು ಯಾರು ಎಚ್ಚರ ಇರಬೇಕು ಅನ್ನೋದರಲ್ಲಿ.

ಪಂಡಿತರು ಬಂದ್ರು 1907ರಲ್ಲಿ. ವ್ಯಾಪಾರಿ ಬಂದ 1919ರಲ್ಲಿ. ಸ್ಪೇನ್ ಸರ್ಕಾರ ಇಂಥ ಪರಂಪರೆಯನ್ನು ಕಾಯೋಕೆ ಕಾನೂನು ಬಿಗಿ ಮಾಡಿದ್ದು 1926ರಲ್ಲಿ. ವ್ಯಾಪಾರಿಗಿಂತ ಏಳು ವರ್ಷ ತಡ. ಆ ಏಳು ವರ್ಷಕ್ಕೆ ತೆತ್ತ ಬೆಲೆ ಒಂದಿಷ್ಟು ಬೋಸ್ಟನ್‌ನಲ್ಲಿದೆ, ಒಂದಿಷ್ಟು ಬಾರ್ಸಿಲೋನಾದಲ್ಲಿದೆ. ತಾವುಲ್‌ನ ಜನ ಮಾತ್ರ ಎಲ್ಲಿಗೂ ಹೋಗಿಲ್ಲ. ಪ್ರತಿ ಬೇಸಿಗೆಯಲ್ಲಿ ರಾತ್ರಿ ಹೊತ್ತು ಬೆಟ್ಟದ ಮೇಲಿಂದ ಉರಿಯೋ ಪಂಜು ಹೊತ್ತು ಸಾಲಾಗಿ ಊರಿಗೆ ಇಳಿದು ಬರ್ತಾರೆ. ಪೈರಿನೀಸ್ ಊರುಗಳ ಈ ಬೆಂಕಿ ಹಬ್ಬ 2015ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ಅದನ್ನು ನೋಡಬೇಕು ಅಂದ್ರೆ ಮಾತ್ರ, ಯಾರೇ ಆಗಲಿ, ಇವತ್ತಿಗೂ ಬೆಟ್ಟ ಹತ್ತಿ ಆ ಊರಿಗೇ ಹೋಗಬೇಕು.